ಮುಕ್ಕಾಲು ಮಿಲಿಮೀಟರ್

ಕಳೆದ ತಿಂಗಳು ಪುಣೆಯ ಒಂದು ಸಂಗೀತ ವಾದ್ಯಗಳ ಅಂಗಡಿಯಲ್ಲಿ ಎರಡು ನೈಲಾನ್ ತಂತಿಯ ಗಿಟಾರುಗಳನ್ನು ಒಂದಾದಮೇಲೊಂದು ತೊಡೆಯ ಮೇಲಿಟ್ಟುಕೊಂಡು ಅರ್ಧ ದಿನ ಕೂತಿದ್ದೆ. ಒಂದರ ಫ್ರೆಟ್‌ಬೋರ್ಡ್ ಚಪಾತಿ ಮಣೆಯಂತೆ ಚಪ್ಪಟೆ. ಇನ್ನೊಂದರದ್ದು ನಡುವೆ ತುಸು ಉಬ್ಬಿ ಎರಡೂ ಅಂಚಿಗೆ ಇಳಿದಿತ್ತು. ತುದಿಯಿಂದ ಉದ್ದಕ್ಕೆ ಕಣ್ಣು ಹಾಯಿಸಿದರೆ ಮಾತ್ರ ಗೊತ್ತಾಗುವಷ್ಟು ಉಬ್ಬು. 48 ಮಿಲಿಮೀಟರ್ ಅಗಲದ ಹಲಗೆ, 16 ಇಂಚು ತ್ರಿಜ್ಯದ ಬಾಗು ಎಂದಿಟ್ಟುಕೊಂಡು ಅಂಗಡಿಯಲ್ಲೇ ಫೋನಿನಲ್ಲಿ ಲೆಕ್ಕ ಹಾಕಿದೆ (ಎಂಜಿನಿಯರುಗಳ ಚಟ). ನಡುವಿಗೂ ಅಂಚಿಗೂ ವ್ಯತ್ಯಾಸ ಮುಕ್ಕಾಲು ಮಿಲಿಮೀಟರಿಗೂ ಕೊಂಚ ಕಡಿಮೆ.

ಈ ಮುಕ್ಕಾಲು ಮಿಲಿಮೀಟರಿನ ಬಗ್ಗೆ ಜನ ಜಾತಿಯ ಬಗ್ಗೆ ಜಗಳವಾಡಿದಂತೆ ಆಡುತ್ತಾರೆ. ಎಲೆಕ್ಟ್ರಿಕ್ ಗಿಟಾರಿನವರಿಗೆ, ಸ್ಟೀಲ್ ತಂತಿಯವರಿಗೆ ಬಾಗು ಸಹಜ. ಕ್ಲಾಸಿಕಲ್ ಗಿಟಾರಿನವರಿಗೆ ಚಪ್ಪಟೆಯೇ ಧರ್ಮ, ಅದೂ ಸುಮಾರು 52 ಮಿಲಿಮೀಟರ್ ಅಗಲದ್ದು. ಎರಡರ ನಡುವಿನ ಬಾಗಿದ ನೈಲಾನ್ ಗಿಟಾರಿಗೆ ‘ಕ್ರಾಸೋವರ್’ ಎಂದು ಹೆಸರು. ಆ ಹೆಸರಿನಲ್ಲೇ ಸ್ವಲ್ಪ ಮೈಲಿಗೆಯ ವಾಸನೆ ಇದೆ.

ಬಾಗಿನಿಂದ ಆಗುವ ಲಾಭ ಸರಳ. ಬಾರೆ ಹಿಡಿಯುವಾಗ ಒಂದೇ ತೋರುಬೆರಳು ಆರೂ ತಂತಿಗಳನ್ನು ಒತ್ತಬೇಕು. ಬೆರಳು ಸರಳರೇಖೆಯಲ್ಲ, ಗೆಣ್ಣುಗಳ ಹತ್ತಿರ ತಗ್ಗು, ನಡುವೆ ಮಾಂಸ. ಚಪ್ಪಟೆ ಹಲಗೆಯಲ್ಲಿ ಯಾವುದಾದರೂ ಒಂದು ತಂತಿ ಆ ತಗ್ಗಿಗೆ ಸಿಕ್ಕಿ ಗೊರಗುಟ್ಟುತ್ತದೆ. ಬಾಗು ಇದ್ದರೆ ಸಹಜವಾಗಿ ಮಡಚಿದ ಬೆರಳಿಗೆ ಹಲಗೆ ಹತ್ತಿರ ಬಂದಂತಾಗುತ್ತದೆ. ಹೆಬ್ಬೆರಳಿನಿಂದ ಹಿಂದೆ ಅಷ್ಟು ಹಿಂಡಬೇಕಿಲ್ಲ.

ಹಾಗಾದರೆ ಚಪ್ಪಟೆ ಏಕೆ? ಹಳೆಯ ಕೋಡಿನಲ್ಲಿ ಯಾರೋ ಬರೆದಿಟ್ಟ ಸಾಲನ್ನು ಅಳಿಸುವ ಮೊದಲು ಅದು ಏಕಿತ್ತು ಎಂದು ಕೇಳು ಅಂತ ನಾನೇ ಹುಡುಗರಿಗೆ ಹೇಳುತ್ತಿರುತ್ತೇನೆ. ಇಲ್ಲಿಯೂ ಕಾರಣಗಳಿವೆ. ಚಪ್ಪಟೆ ಹಲಗೆಯಲ್ಲಿ ಆರೂ ತಂತಿಗಳು ಒಂದೇ ಸಮತಲದಲ್ಲಿರುತ್ತವೆ. ಬಲಗೈ ಬೆರಳುಗಳಿಗೆ ಪ್ರತಿ ತಂತಿಯೂ ಒಂದೇ ಎತ್ತರದಲ್ಲಿ ಸಿಗುತ್ತದೆ. ಎಡಗೈ ಬೆರಳುಗಳನ್ನು ನೆಟ್ಟಗೆ ಇಳಿಸುವ ಶಿಸ್ತು ಅದರ ಮೇಲೇ ಬೆಳೆದದ್ದು. ಆದರೆ ಕಾರಣ ಇತ್ತು ಎನ್ನುವುದು ಬೇರೆ, ಅದೇ ಕಾರಣಕ್ಕೆ ಎಲ್ಲರೂ ಒಪ್ಪಬೇಕು ಎನ್ನುವುದು ಬೇರೆ. ಪಿಟೀಲಿನ ಹಲಗೆ ಬಾಗಿರುವುದು ಕಮಾನಿಗೆ ಒಂದೊಂದೇ ತಂತಿ ಸಿಗಲಿ ಎಂದು. ಸಿತಾರಿನ ಮೆಟ್ಟಿಲುಗಳು ಬಾಗಿರುವುದು ತಂತಿಯನ್ನು ಪಕ್ಕಕ್ಕೆ ಎಳೆದು ಮೀಂಡ್ ತೆಗೆಯಲು. ಎಲ್ಲಿಯೂ ಆಕಾರ ಮೊದಲು ಬಂದು ಕೈ ಆಮೇಲೆ ಬಂದಿಲ್ಲ.

ಇನ್ನು ಪರಂಪರೆ. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರವನ್ನು ಗಟ್ಟಿ ಮಾಡಿದವನು ಸ್ಪೇನಿನ ಆಂಟೋನಿಯೋ ದೆ ತೋರೆಸ್, 19ನೇ ಶತಮಾನದಲ್ಲಿ. ಅವನ ಕಾಲದಲ್ಲಿ ಅದೇ ಹೊಸತು. ಅವನು ಕಟ್ಟಿದ್ದು ಪ್ರಾಣಿಯ ಕರುಳಿನ ತಂತಿಗಳಿಗಾಗಿ. ನೈಲಾನ್ ಬಂದದ್ದು 1940ರ ದಶಕದಲ್ಲಿ. ಸೆಗೋವಿಯಾನಂಥ ಕಟ್ಟಾ ಶಾಸ್ತ್ರೀಯನೇ ಅದನ್ನು ಒಪ್ಪಿಕೊಂಡ. ತಂತಿ ಬದಲಾದಾಗ ಕೆಡದ ಪರಂಪರೆ ಹಲಗೆಯ ಬೆನ್ನು ತುಸು ಉಬ್ಬಿದರೆ ಕೆಡುತ್ತದೆಯೇ?

ಇಷ್ಟು ವಾದ ಸುಲಭ. ಕಷ್ಟದ್ದು ಮುಂದಿದೆ. ನಾನು ನಲವತ್ತೊಂದಕ್ಕೆ ಗಿಟಾರು ಹಿಡಿದವನು. ಮೇಷ್ಟ್ರು ಚಪ್ಪಟೆ ಹಲಗೆಯವರು, ಒಳ್ಳೆಯವರು. ‘ಎಫ್’ ಕಾರ್ಡ್ ಸರಿಯಾಗಿ ನುಡಿಯಲು ನನಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ನನಗೆ ಆಸ್ತಿಯಂತೆ ಆಯಿತು. ಬಾಗಿದ ಹಲಗೆಯಲ್ಲಿ ಅದೇ ಕಾರ್ಡನ್ನು ಯಾರಾದರೂ ಬೇಗ ನುಡಿಸಿದರೆ ನನ್ನ ಆಸ್ತಿಯ ಬೆಲೆ ಇಳಿದಂತೆ ಅನಿಸುತ್ತಿತ್ತು. ಕಷ್ಟಪಟ್ಟವನಿಗೆ ಕಷ್ಟದ ಮೇಲೆ ಹೀಗೊಂದು ಮಮಕಾರ ಬರುತ್ತದೆ. ಸೊಸೆಗೆ ಒರಳುಕಲ್ಲೇ ಆಗಬೇಕು ಎನ್ನುತ್ತಿದ್ದ ಅತ್ತೆಯರಲ್ಲಿ ರುಚಿಯ ಕಾಳಜಿ ಎಷ್ಟಿತ್ತು, ಈ ಮಮಕಾರ ಎಷ್ಟಿತ್ತು?

ಮಗಳು ಹತ್ತನೇ ವಯಸ್ಸಿಗೆ ತನಗೂ ಬೇಕೆಂದಳು. ಮುಕ್ಕಾಲು ಸೈಜಿನ ಗಿಟಾರು ಇದೆ, ಬಾಗಿದ್ದೂ ಇದೆ ಎಂದು ನನಗೆ ಗೊತ್ತಿತ್ತು. ಪೂರ್ತಿ ಅಳತೆಯ ಚಪ್ಪಟೆಯದನ್ನೇ ಕೊಡಿಸಿದೆ. ಕೈ ಬೆಳೆಯುತ್ತದಲ್ಲ ಎಂದೆ. ಮೇಷ್ಟ್ರು ಕೂಡ ಒಮ್ಮೆ ಚಿಕ್ಕದನ್ನು ನೋಡಿ ಅಂದಿದ್ದರು, ನಾನು ಕೇಳಲಿಲ್ಲ. ಬೆರಳು ನೋಯುತ್ತದೆ ಅಂದಾಗಲೆಲ್ಲ ‘ನಂಗೂ ನೋಯ್ತಿತ್ತು ಪುಟ್ಟಿ’ ಅನ್ನುತ್ತಿದ್ದೆ. ಅದು ಸಮಾಧಾನ ಅಂತಲೇ ತಿಳಿದಿದ್ದೆ. ಒಂದೂವರೆ ವರ್ಷಕ್ಕೆ ಅವಳು ಗಿಟಾರನ್ನು ಕಪಾಟಿನ ಹಿಂದೆ ಇಟ್ಟಳು. ಜಗಳವೂ ಇಲ್ಲ, ಅಳುವೂ ಇಲ್ಲ.

ಎಲ್ಲ ನೋವೂ ದಂಡ ಎಂದು ನಾನು ಹೇಳುತ್ತಿಲ್ಲ. ಬೆರಳ ತುದಿ ಗಟ್ಟಿಯಾಗಲೇಬೇಕು, ಕಿವಿ ತಯಾರಾಗಲೇಬೇಕು; ಯಾವ ಬಾಗೂ ಅದನ್ನು ತಪ್ಪಿಸದು. ಸಂಗೀತ ಕೇಳುವ ಕಷ್ಟ ಅದು. ತಂತಿ ಗೆಣ್ಣಿನ ತಗ್ಗಿಗೆ ಸಿಕ್ಕಿ ಗೊರಗುಟ್ಟುವುದು ಸಂಗೀತ ಕೇಳಿದ ಕಷ್ಟವಲ್ಲ, ಹಲಗೆ ಕೊಟ್ಟದ್ದು. ಎರಡನ್ನೂ ಬೇರೆ ಮಾಡಿ ನೋಡುವುದು ಕಲಿಸುವವನ ಕೆಲಸವಾಗಿತ್ತು. ಆಫೀಸಿನಲ್ಲಿ ಹೊಸಬರ ವಿಷಯದಲ್ಲಿ ಇದನ್ನು ಮಾಡಿದ್ದೇನೆಯೇ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಹಿತವಾಗಿಲ್ಲ.

ಅಂಗಡಿಯಿಂದ ಬಾಗಿದ್ದನ್ನು ತಂದೆ. ನನ್ನ ಚಪ್ಪಟೆ ಗಿಟಾರನ್ನು ಬಿಟ್ಟಿಲ್ಲ. ನನ್ನ ಕೈ ಅದಕ್ಕೆ ಒಗ್ಗಿದೆ, ಬಾಗಿದ್ದರ ಮೇಲೆ ಬಲಗೈ ತಡವರಿಸುತ್ತದೆ. ಹೊಸದನ್ನು ಹಾಲಿನಲ್ಲಿ ಸುಮ್ಮನೆ ಒರಗಿಸಿಟ್ಟೆ. ಮೂರನೇ ದಿನ ಮಗಳು (ಈಗ ಹದಿಮೂರು) ಎತ್ತಿಕೊಂಡು ಎಫ್ ಹಿಡಿದಳು. ಐದು ತಂತಿ ನುಡಿಯಿತು, ಒಂದು ಗೊರ ಅಂದಿತು. ಹಲಗೆಯ ಮೇಲೆ ಅಡ್ಡಕ್ಕೆ ಬೆರಳಾಡಿಸಿ ನೋಡಿದಳು.

‘ಅಪ್ಪಾ, ಈ ಥರದ್ದು ಮುಂಚೆನೂ ಸಿಗ್ತಿತ್ತಾ?’

‘ಸಿಗ್ತಿತ್ತು’ ಎಂದೆ.

ಅವಳು ಏನೂ ಅನ್ನಲಿಲ್ಲ. ಹೊಸ ನೈಲಾನ್ ತಂತಿ ಕೆಲವು ದಿನ ಶ್ರುತಿಯಲ್ಲಿ ನಿಲ್ಲುವುದಿಲ್ಲ, ಹಿಗ್ಗುತ್ತಲೇ ಇರುತ್ತದೆ. ಬಿರಡೆ ತಿರುಗಿಸಲು ನನ್ನ ಕೈಗೆ ಕೊಟ್ಟಳು.