ಹಿನ್ನೀರಿನ ಹಕ್ಕಿ, ದಡದ ಮನುಷ್ಯ

ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈ ನಡುವೆ ಕೃಷ್ಣೆಯ ದಂಡೆಯ ಎಷ್ಟೋ ಊರುಗಳ ಹೊಲ, ಮನೆ, ಗೋರಿಗಳು ಮುಳುಗಿದವು. ಮುದ್ದೇಬಿಹಾಳ, ಸಿಂದಗಿ, ಇಂಡಿಯ ಒಣನೆಲ ಕಾಲುವೆ ಕಂಡದ್ದು ಈ ತ್ಯಾಗದಿಂದ.

ಈಗ ನೀರು ಇಳಿದಾಗ ಹಿನ್ನೀರಿನ ಅಂಚಿಗೆ ರಾಜಹಂಸಗಳು ಬರುತ್ತವೆ. ಅವುಗಳನ್ನು ಕಾಪಾಡಬೇಕೆ? ಖಂಡಿತ ಕಾಪಾಡಬೇಕು. ಅವು ಯಾರ ಊರನ್ನೂ ಮುಳುಗಿಸಿಲ್ಲ. 1972ರ ವನ್ಯಜೀವಿ ಕಾನೂನು ಬೇಟೆಯನ್ನು ತಡೆಯುವುದು ನ್ಯಾಯವೇ. ಆದರೆ ಕಾಪಾಡುವ ಭಾರವನ್ನು ಹೊರುವವರು ಯಾರು? ನಾಳೆ ಬೇಲಿ ಬಿದ್ದರೆ ಮೊದಲು ನಿಲ್ಲುವುದು ಮೀನುಗಾರನ ಬಲೆ, ಕುರಿಗಾಹಿಯ ಹಿಂಡು. ಕ್ಯಾಮೆರಾ ಹೊತ್ತು ಬಂದವರ ಕಾರಲ್ಲ. ಒಮ್ಮೆ ಊರನ್ನೇ ಕೊಟ್ಟವನಿಂದ ಮತ್ತೆ ಅನ್ನವನ್ನೂ ಕೇಳುವುದು ಧರ್ಮವಲ್ಲ.

ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕರ್ನಾಟಕ ಬಯಸಿದೆ. ಆಗ ಮತ್ತಷ್ಟು ಊರುಗಳ ಜೊತೆ ಹಕ್ಕಿ ಮೇಯುವ ತೆಳುನೀರಿನ ಅಂಚೂ ಸರಿಯುತ್ತದೆ. ಹಕ್ಕಿಗೆ ರೆಕ್ಕೆಯಿದೆ, ಬೇರೆ ಕೆರೆ ಹುಡುಕೀತು. ರೈತನಿಗೆ ಇರುವುದು ಪರಿಹಾರದ ಕಾಗದ ಮಾತ್ರ. ಇವರಿಬ್ಬರೂ ಪರಸ್ಪರ ಎದುರಾಳಿಗಳಲ್ಲ. ಇಬ್ಬರ ನೆಲೆಯನ್ನೂ ತೀರ್ಮಾನಿಸುವವರು ಬೇರೆ ಕಡೆ ಕುಳಿತಿದ್ದಾರೆ. ಹಕ್ಕಿಯ ಮೇಲಿನ ಕರುಣೆ ದಡದ ಮನುಷ್ಯನನ್ನು ಮರೆತರೆ ಅದು ಕರುಣೆಯಲ್ಲ, ಬರೀ ಶೋಕಿ.