ಅಂಗಳದ ಮೇಲಿನ ತಂತಿ ಮತ್ತು ಐದನೆಯ ಆಜ್ಞೆ



ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನದಲ್ಲಿ ಮನೆ ಕಟ್ಟುವವರಿಗೆ ಒಂದು ಅಪ್ಪಣೆ ಇದೆ. ಹೊಸ ಮನೆ ಕಟ್ಟಿದಾಗ ಮಾಳಿಗೆಯ ಸುತ್ತ ಗಿಡ್ಡಗೋಡೆ ಎಬ್ಬಿಸಬೇಕು. ಹಾಗೆ ಮಾಡದೆ, ಯಾರಾದರೂ ಮೇಲಿನಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಗೆ ತಟ್ಟುತ್ತದೆ ಎಂಬುದು ಅದರ ಸಾರ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯವರಿಗೆ ಈ ವಚನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದವರಿಗೆ, ನಿದ್ದೆಗಣ್ಣಿನಲ್ಲಿ ಎದ್ದ ಮಗು ಯಾವ ಕಡೆ ಹೆಜ್ಜೆ ಇಡುತ್ತದೋ ಎಂಬ ಭಯ ಗೊತ್ತು. ಮೇಸ್ತ್ರಿಗೆ ಹೇಳಬೇಕಾದ ಮಾತನ್ನು ದೇವರು ತಮ್ಮ ಧರ್ಮಶಾಸ್ತ್ರದಲ್ಲೇ ಬರೆಸಿದ್ದಾರೆ ಎಂಬುದನ್ನು ಗಮನಿಸಿ.

ಇಂದಿನ ಮನೆಗಳಲ್ಲಿ ಮಾಳಿಗೆಯ ಅಂಚಿನಷ್ಟೇ ಅಪಾಯದ ಜಾಗ ಇನ್ನೊಂದಿದೆ. ಮಾಗಳದಂಥ ತುಂಗಭದ್ರೆಯ ದಂಡೆಯ ಊರುಗಳಾಗಲಿ, ಒಣಭೂಮಿಯ ಊರುಗಳಾಗಲಿ, ಕಥೆ ಒಂದೇ. ಮೊದಲು ಮನೆಗೆ ಕರೆಂಟು ಬಂದಾಗ ಎರಡು ಬಲ್ಬುಗಳಿಗೆಂದು ವೈರಿಂಗ್ ಆಯಿತು. ಆಮೇಲೆ ಅಂಗಳದಾಚೆಯ ದನದ ಕೊಟ್ಟಿಗೆಗೂ ಒಂದು ಬಲ್ಬು ಬೇಕೆಂದು ಒಂದು ತಂತಿ ಎಳೆದರು. ವರ್ಷಗಳು ಕಳೆದು ಕೊಟ್ಟಿಗೆಯ ಜಾಗದಲ್ಲಿ ತಗಡಿನ ಶೆಡ್ಡು ಬಂತು, ಬೈಕು ಬಂತು, ಕೆಲವರಿಗೆ ಟ್ರ್ಯಾಕ್ಟರೂ ಬಂತು, ನೀರಿನ ಮೋಟಾರು ಅಲ್ಲೇ ಕುಳಿತಿತು. ತಂತಿ ಮಾತ್ರ ಅದೇ. ಬಿಸಿಲಿಗೆ ಅದರ ಹೊದಿಕೆ ಬಿರುಕು ಬಿಟ್ಟಿದೆ. ಜೋಡಿಸಿದ ಕಡೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದಾರೆ. ಜೋತುಬೀಳದಿರಲೆಂದು ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೇ ಕಟ್ಟಿದ್ದಾರೆ. ಗಾಳಿ ಬೀಸಿದಾಗಲೆಲ್ಲ ಅದು ತಗಡಿನ ಅಂಚಿಗೆ ಉಜ್ಜುತ್ತದೆ.

ಮನೆ ಆಶೀರ್ವಾದಕ್ಕೆ ಹೋದ ಗುರುಗಳು ಇದನ್ನು ತೋರಿಸಿದರೆ ಸಿಗುವ ಉತ್ತರವೂ ಎಲ್ಲ ಕಡೆ ಒಂದೇ.

“ನಮ್ಮಪ್ಪನ ಕಾಲದಾಗ ಎಳಸಿದ್ದು ರೀ ಫಾದರ್. ಇಲ್ಲೀತನಕ ಏನೂ ಆಗಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಸೇರಿಸುತ್ತಾರೆ: “ಮಳಿ ಬಂದಾಗ ತಗಡು ಒಂದೀಟು ಜುಮ್ ಅಂತೈತ್ರಿ ಸ್ವಾಮಿ. ಚಪ್ಪಲಿ ಹಾಕ್ಕೊಂಡು ಮುಟ್ರಿ ಅಂತ ಹುಡುಗರಿಗೆ ಹೇಳೀವಿ.”

ಈ ಎರಡನೆಯ ಮಾತು ಬಹಳ ಭಾರವಾದ ಮಾತು. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಹಾಯುವ ಎತ್ತಿನ ನಿಯಮವಿದೆ. ಎತ್ತು ಒಮ್ಮೆಲೇ ಯಾರನ್ನೋ ಹಾಯ್ದು ಕೊಂದರೆ ಯಜಮಾನ ನಿರಪರಾಧಿ. ಆದರೆ ಅದು ಮೊದಲಿನಿಂದ ಹಾಯುವ ಎತ್ತಾಗಿದ್ದು, ಜನ ಬಂದು ಎಚ್ಚರಿಸಿದ ಮೇಲೂ ಅವನು ಅದನ್ನು ಕಟ್ಟಿಹಾಕದಿದ್ದರೆ, ಆ ಸಾವಿಗೆ ಅವನೇ ಹೊಣೆ. ತಗಡು ಜುಮ್ ಎಂದದ್ದೇ ಎಚ್ಚರಿಕೆ. ಚಪ್ಪಲಿ ಹಾಕಿಕೊಂಡು ಮುಟ್ಟಿ ಎಂದು ಮಕ್ಕಳಿಗೆ ಹೇಳಿದೆವೆಂದರೆ ಎಚ್ಚರಿಕೆ ನಮ್ಮ ಕಿವಿಗೆ ಬಿದ್ದಿದೆ. ಇನ್ನು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಇಂದು ಜುಮ್ ಎಂದದ್ದು ನಾಳೆ ಜೀವ ತೆಗೆಯುವುದು ಹೇಗೆ? ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಒಂದು 60 ವ್ಯಾಟ್ ಬಲ್ಬು ಉರಿಯಲು ಸುಮಾರು ಕಾಲು ಆಂಪಿಯರ್ ಕರೆಂಟು ಬೇಕು. ಅದರ ಕಾಲು ಭಾಗ ಎದೆಯ ಮೂಲಕ ಹರಿದರೂ ಹೃದಯದ ಬಡಿತ ಕೆಟ್ಟು ಮನುಷ್ಯ ಸಾಯಬಹುದು. ಒಣಗಿದ ಕೈ, ಕಾಲಿಗೆ ಚಪ್ಪಲಿ ಇದ್ದರೆ ಅಷ್ಟು ಹರಿಯದೆ ಇರಬಹುದು. ಒದ್ದೆ ಕೈ, ಬರಿಗಾಲು, ನೆನೆದ ನೆಲ ಸೇರಿದರೆ ಹರಿಯುತ್ತದೆ. “ಫ್ಯೂಸ್ ಇದೆಯಲ್ಲ” ಎನ್ನುವವರಿಗೆ ಒಂದು ಮಾತು: ಫ್ಯೂಸ್ ಇರುವುದು ತಂತಿ ಸುಡದಿರಲೆಂದು. ಐದು ಆಂಪಿಯರಿನ ಫ್ಯೂಸ್, ಮನುಷ್ಯನೊಬ್ಬ ಸಾಯುವಷ್ಟು ಕರೆಂಟು ಹರಿದರೂ ಸುಮ್ಮನಿರುತ್ತದೆ. ಅದು ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿದ ಮನೆಗಳಲ್ಲಂತೂ ಆ ತಂತಿಗೂ ರಕ್ಷಣೆ ಇಲ್ಲ.

2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಮತ್ತು ಒಂಬತ್ತು ತಿಂಗಳ ಕೂಸು ತೀರಿಕೊಂಡರು. 2024ರ ಜನವರಿಯಲ್ಲಿ ಹೊಳೆಯಾಚೆಯ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟು ತಗುಲಿ ಮೂವರು ಯುವಕರು ಸತ್ತರು. ಇಂಥ ಸುದ್ದಿ ಓದಿದಾಗ ನಾವು ಇಲಾಖೆಯನ್ನು ಪ್ರಶ್ನಿಸುತ್ತೇವೆ. ಪ್ರಶ್ನಿಸಬೇಕು. ಆದರೆ ಮೀಟರಿನಿಂದ ಈಚೆಗಿನ ತಂತಿ ಯಾವ ಇಲಾಖೆಯದೂ ಅಲ್ಲ, ಅದು ಮನೆಯವರದೇ.

ಹಣೆಬರಹ ಎಂದು ಕೈಚೆಲ್ಲುವವರು ಲೂಕನ ಶುಭಸಂದೇಶದ 13ನೇ ಅಧ್ಯಾಯ ಓದಬೇಕು. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಪಾಪಿಗಳೇನೂ ಅಲ್ಲ ಎಂದು ಪ್ರಭು ಯೇಸು ಸ್ಪಷ್ಟವಾಗಿ ಹೇಳಿದರು. “ದೇವರು ಕಾಯ್ತಾನೆ” ಎನ್ನುವ ಮಾತು ಭಕ್ತಿಯಂತೆ ಕೇಳಿಸುತ್ತದೆ. ಆದರೆ ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಯೇಸುವಿಗೆ ಹೇಳಿದವನು ಸೈತಾನ. ಗಂಭೀರ ಕಾರಣವಿಲ್ಲದೆ ಒಬ್ಬರನ್ನು ಪ್ರಾಣಾಪಾಯಕ್ಕೆ ಒಡ್ಡುವುದು ಐದನೆಯ ಆಜ್ಞೆಗೆ ವಿರುದ್ಧವೆಂದು ಧರ್ಮಸಭೆಯ ಜ್ಞಾನೋಪದೇಶ ಗ್ರಂಥ 2269ನೇ ಸಂಖ್ಯೆಯಲ್ಲಿ ಹೇಳುತ್ತದೆ. ಇಲ್ಲಿ ಅಪಾಯಕ್ಕೆ ಒಡ್ಡಿಕೊಳ್ಳುವವರು ಯಾರು? ತಂತಿಯ ಗುಣ ಬಲ್ಲ ಯಜಮಾನ ದೂರವೇ ನಿಲ್ಲುತ್ತಾನೆ. ಒದ್ದೆ ಬಟ್ಟೆ ಹರವುವ ಸೊಸೆ, ಚೆಂಡು ಹುಡುಕುತ್ತ ಬಂದ ಪಕ್ಕದ ಮನೆಯ ಮಗು, ಬಾಯಿಲ್ಲದ ಎಮ್ಮೆ ಮುಟ್ಟುತ್ತವೆ. ಶೆಡ್ಡಿನ ಬಲ್ಬು ಹೋದಾಗ ಸ್ಟೂಲು ಹತ್ತುವವನು ಕೂಲಿಯ ಹುಡುಗ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡದೆ ಬಿಟ್ಟ ಕಾರ್ಯಗಳಿಗಾಗಿಯೂ ಕ್ಷಮೆ ಬೇಡುತ್ತೇವಲ್ಲ, ಅಲ್ಲಿ ಈ ತಂತಿಯೂ ಸೇರುತ್ತದೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ತಗಡು ಜುಮ್ ಎಂದರೆ ಅಂದೇ ಮೇನ್ ಆರಿಸಿ ಆ ತಂತಿಯನ್ನು ಬಿಡಿಸಬೇಕು. ಒಂದು ವಾರ ಶೆಡ್ಡಿನಲ್ಲಿ ಟಾರ್ಚು ಸಾಕು. ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ, ನೆಲದೊಳಗೆ ಹೂಳುವ ಕೇಬಲ್ ಆಗಲಿ, ಪೈಪಿನೊಳಗಿನ ಹೊಸ ತಂತಿಯಾಗಲಿ ಹಾಕಿಸಿ. ಅರ್ತಿಂಗ್ ಸರಿಯಾಗಿರಲಿ. ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಕೇಳಿ ಹಾಕಿಸಿ. 30 ಮಿಲಿಆಂಪಿಯರಿನದು ಸೋರಿಕೆ ಕಂಡೊಡನೆ ಕರೆಂಟು ಕಡಿಯುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲು ಸೊನ್ನೆಯಾಯಿತು. ಹಾಗೆ ಉಳಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಕಾಣೆ. ಯಾರಿಗಾದರೂ ಕರೆಂಟು ಹಿಡಿದರೆ ಮೈ ಮುಟ್ಟಬೇಡಿ, ಮೊದಲು ಮೇನ್ ಆರಿಸಿ. ಅದು ದೂರವಿದ್ದರೆ ಒಣಗಿದ ಕೋಲಿನಿಂದ ಬಿಡಿಸಿ.

ದುಡ್ಡಿಲ್ಲದ ವಿಧವೆಯರ, ವೃದ್ಧರ ಮನೆಗಳಿಗೆ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಅಕ್ಕಿಯ ಜೊತೆ ಹತ್ತು ಮೀಟರ್ ತಂತಿಯನ್ನೂ ಒಯ್ಯಬಹುದು. ಆಗಮನ ಕಾಲದಲ್ಲಿ ಯುವಕರು ಗೋದಲಿಗೆ, ಮರದ ಮೇಲಿನ ನಕ್ಷತ್ರಕ್ಕೆ ಹರಕು ವೈರು ಎಳೆಯುವ ಮುನ್ನ ಅದೇ ವೈರ್‌ಮನ್‌ಗೆ ತೋರಿಸಲಿ. ಬಟ್ಟೆ ಒಣಹಾಕುವ ತಂತಿಯನ್ನಂತೂ ಇಂದೇ ಬಿಚ್ಚಿ, ಅದರ ಬದಲು ನೂಲಿನ ಹಗ್ಗ ಕಟ್ಟಿ.