ತಿಳಿದು ಸಹಿಸುವ ನೋವು

ಸಮುದಾಯದ ಹಿತಕ್ಕಾಗಿ ಒಬ್ಬರು ತಮ್ಮ ದೇಹದಲ್ಲಿ ಸಹಿಸುವ ನೋವು ಸೇವೆಯೆನಿಸುವುದು ಯಾವಾಗ ಎಂಬ ಹಳೆಯ ಧರ್ಮಪ್ರಶ್ನೆಯನ್ನು ಮಿಶ್ರ ಲಸಿಕಾ ಕ್ರಮ, ಎಂದರೆ ಮೊದಲು ಪಡೆದ ಲಸಿಕೆಯ ಬದಲು ಬೇರೊಂದು ಲಸಿಕೆಯನ್ನು ಮುಂದಿನ ಡೋಸಾಗಿ ನೀಡುವ ಪದ್ಧತಿ, ಮತ್ತೆ ಎದುರಿಗಿಟ್ಟಿದೆ. 2021ರ ಜನವರಿ 16ರಂದು ಭಾರತದಲ್ಲಿ ಕೋವಿಡ್ ಲಸಿಕಾ ಅಭಿಯಾನ ಆರಂಭವಾದಾಗ ಮೊದಲ ಸರದಿ ಆರೋಗ್ಯ ಕಾರ್ಯಕರ್ತರದಾಗಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ದಾದಿಯರೂ ಆಶಾ ಕಾರ್ಯಕರ್ತೆಯರೂ ಅದೇ ವರ್ಗಕ್ಕೆ ಸೇರಿದವರು. 2022ರ ಜನವರಿಯಲ್ಲಿ ಮುನ್ನೆಚ್ಚರಿಕೆ ಡೋಸ್ ಆರಂಭವಾದಾಗ ಹಿಂದಿನ ಲಸಿಕೆಯನ್ನೇ ಪಡೆಯಬೇಕೆಂಬ ನಿಯಮವಿದ್ದು, ಆಗಸ್ಟ್‌ನಲ್ಲಿ ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್ ಪಡೆದಿದ್ದ ವಯಸ್ಕರಿಗೆ ಕಾರ್ಬೆವ್ಯಾಕ್ಸ್ ನೀಡಲು ಅನುಮತಿ ದೊರೆಯಿತು.

ಮಿಶ್ರಣದ ಅಲ್ಪಾವಧಿ ಪರಿಣಾಮಗಳನ್ನು ಆಕ್ಸ್‌ಫರ್ಡ್ ನೇತೃತ್ವದ ಅಧ್ಯಯನವೊಂದು 2021ರ ಮೇ ತಿಂಗಳಲ್ಲಿ ವರದಿ ಮಾಡಿತು. ಆಸ್ಟ್ರಾಜೆನೆಕಾ ಲಸಿಕೆಯನ್ನೇ ಎರಡು ಬಾರಿ ಪಡೆದವರಲ್ಲಿ ಶೇ. 10ರಷ್ಟು ಮಂದಿಗೆ ಜ್ವರದ ಅನುಭವವಾದರೆ, ಎರಡನೆಯ ಬಾರಿ ಫೈಜರ್ ಪಡೆದವರಲ್ಲಿ ಆ ಪ್ರಮಾಣ ಶೇ. 34ರಷ್ಟಿತ್ತು. ಭಾರತದಲ್ಲಿ ಒಪ್ಪಿತವಾದ ಜೋಡಿ ಬೇರೆಯಾದುದರಿಂದ ಈ ಅಂಕಿಗಳನ್ನು ನೇರವಾಗಿ ಇಲ್ಲಿಗೆ ಅನ್ವಯಿಸಲಾಗದು. ಆದರೂ ಒಂದೇ ವಾರ್ಡಿನ ದಾದಿಯರಿಗೆಲ್ಲ ಒಂದೇ ದಿನ ಮಿಶ್ರ ಲಸಿಕೆ ಕೊಟ್ಟರೆ ಮರುದಿನ ಗೈರುಹಾಜರಿ ಹೆಚ್ಚಬಹುದೆಂಬ ಎಚ್ಚರಿಕೆ ಎಲ್ಲೆಡೆಯೂ ಸಲ್ಲುತ್ತದೆ.

ಈ ತೊಂದರೆಗಳು ಬಹುಪಾಲು ಒಂದೆರಡು ದಿನಗಳಲ್ಲಿ ಇಳಿಯುವಂಥವು ಎಂಬುದರಿಂದಲೇ ನೈತಿಕ ಪ್ರಶ್ನೆ ಮುಗಿಯುವುದಿಲ್ಲ. ಉತ್ತರ ಪ್ರದೇಶದ ಸಿದ್ಧಾರ್ಥನಗರದಲ್ಲಿ 2021ರಲ್ಲಿ ಕೆಲವು ಗ್ರಾಮಸ್ಥರಿಗೆ ಕೋವಿಶೀಲ್ಡ್ ನಂತರ ಕೋವ್ಯಾಕ್ಸಿನ್ ಪ್ರಮಾದವಶಾತ್ ನೀಡಲ್ಪಟ್ಟಿತು. ಅವರಲ್ಲಿ 18 ಮಂದಿಯನ್ನು ಪರಿಶೀಲಿಸಿದ ಅಧ್ಯಯನ ಆ ಮಿಶ್ರಣ ಸುರಕ್ಷಿತವೆಂದು ಕಂಡಿತು. ಫಲ ಒಳಿತಾದರೂ ಅವರ ಒಪ್ಪಿಗೆಯ ಕೊರತೆಯನ್ನು ಆ ಫಲ ತುಂಬಿಕೊಡಲಾರದು.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದೂ ಅದರ ಫಲವನ್ನು ಸಮುದಾಯಕ್ಕೆ ಅರ್ಪಿಸುವುದನ್ನು ದಾಸೋಹವೆಂದೂ ಕರೆದರು. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಲು ಆಯ್ದಕ್ಕಿ ಲಕ್ಕಮ್ಮ ಹೇಳಿದ ಪ್ರಸಂಗವು, ಸದುದ್ದೇಶವಿದ್ದರೂ ಮಿತಿಮೀರಿ ಪಡೆಯಬಾರದೆಂಬ ನೇಮವನ್ನು ನೆನಪಿಸುತ್ತದೆ. ತೋಳುನೋವು, ಮೈಕೈನೋವು, ಚಳಿಜ್ವರ ಬರಬಹುದೆಂದು ಮೊದಲೇ ತಿಳಿದು ಲಸಿಕೆಗೆ ಒಪ್ಪಿದ ಆಶಾ ಕಾರ್ಯಕರ್ತೆಯ ಸಹನೆ ದಾಸೋಹವೇ ಸರಿ. ಆದರೆ ಜ್ವರದಲ್ಲೇ ಮನೆಮನೆ ಸುತ್ತಬೇಕಾದ, ಸುತ್ತದಿದ್ದರೆ ಆ ದಿನದ ಪ್ರೋತ್ಸಾಹಧನ ಕಳೆದುಕೊಳ್ಳಬೇಕಾದ ಸ್ಥಿತಿ ಅವಳು ಒಪ್ಪಿ ಕೊಟ್ಟದ್ದಕ್ಕಿಂತ ಹೆಚ್ಚನ್ನು ಅವಳಿಂದ ಕಿತ್ತುಕೊಳ್ಳುತ್ತದೆ. ಆದ್ದರಿಂದ ಪರಿಣಾಮಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು, ಸರದಿಯನ್ನು ಬೇರೆ ಬೇರೆ ದಿನಗಳಿಗೆ ಹಂಚುವುದು, ಗಳಿಕೆ ಕಡಿಯದೆ ವಿಶ್ರಾಂತಿ ಕೊಡುವುದು ಆಡಳಿತದ ಔದಾರ್ಯವಲ್ಲ, ಸೇವೆ ಪಡೆದ ಸಮಾಜ ತೀರಿಸಲೇಬೇಕಾದ ಋಣ.